ಚಿಕ್ಕಪ್ಪನ ಬಂಗಲೆ ಬಟಾಣಿ

ಹೊಂಗಡಹಳ್ಳದ ಸುತ್ತಮುತ್ತ ನಮ್ಮ ಚಿಕ್ಕಪ್ಪನಷ್ಟು ಗಟ್ಟಿ ಗುಂಡಿಗೆಯವರು ಇನ್ನೊಬ್ಬರಿಲ್ಲ. ತೋಟಕ್ಕೆ ಆನೆ ಬಂದಿದೆ ಎಂದರೆ ಊರಿನವರೆಲ್ಲ ಒಳಗೆ ಓಡುವಾಗ ಇವರು ಹೊರಗೆ ಓಡುತ್ತಾರೆ. ಹಾವು ಕಂಡರೆ "ಎಲ್ಲಿಗೆ ಮಾರಾಯ?" ಎಂದು ಮಾತಾಡಿಸುತ್ತಾರೆ. ಅಂಥವರು ಈ ಭೂಮಿಯ ಮೇಲೆ ಹೆದರುವುದು ಒಂದಕ್ಕೆ ಮಾತ್ರ: ಜಗಲಿಯಲ್ಲಿ ಕೈ ಖಾಲಿ ಬಿಟ್ಟು ಕೂತ ನೆಂಟರಿಗೆ! ನಗಬೇಡಿ, ಅದಕ್ಕೆ ಕಾರಣ ಇದೆ.

ಕಾರಣ ಹೇಳಬೇಕೆಂದರೆ ಚಿಕ್ಕಮ್ಮನ ಮೂಗಿನಿಂದ ಶುರುಮಾಡಬೇಕು. ಎಂಥ ಮೂಗು ಅಂತೀರಿ! ನಾನು ಬಾಳ್ಳುಪೇಟೆಯಿಂದ ಹೊರಟು ಅವರ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ, ದಾರಿಯಲ್ಲಿ ಬೋಂಡ ತಿಂದದ್ದು ಯಾವ ಹೋಟೆಲಿನಲ್ಲಿ ಎಂದು ಹೇಳಿಬಿಡುತ್ತಿದ್ದರು. ಕೊರೊನಾ ಬಂದು ಹೋದ ಮೇಲೆ ಆ ಮೂಗು ಕೆಲಸ ನಿಲ್ಲಿಸಿತು. ಮಿಕ್ಕವರಿಗೆಲ್ಲ ತಿಂಗಳೊಪ್ಪತ್ತಿನಲ್ಲಿ ವಾಸನೆ ಮರಳಿದರೆ, ಇವರಿಗೆ ವರ್ಷ ಕಳೆದರೂ ಇಲ್ಲ. ಅನ್ನ ಉಂಡರೆ ಮಣ್ಣು ಉಂಡ ಹಾಗೆ ಎನ್ನುತ್ತಿದ್ದರು. ಊಟ ಕಡಿಮೆಯಾಯಿತು, ಆಮೇಲೆ ಮಾತೂ ಕಡಿಮೆಯಾಯಿತು. ಹಾಸನದ ಡಾಕ್ಟರೊಬ್ಬರು, "ಘಮ ಇರೋ ವಸ್ತು ದಿನಾ ಎರಡು ಹೊತ್ತು ಮೂಸಿಸಿ, ಬಂದರೂ ಬರಬಹುದು" ಎಂದರಂತೆ. ಚಿಕ್ಕಪ್ಪ ಮಾತ್ರ ಆ ಮಾತನ್ನು ಬಂದೇ ಬರುತ್ತದೆ ಎಂದು ಮಾಡಿಕೊಂಡು ಮನೆಗೆ ತಂದರು.

ಅಂದಿನಿಂದ ಚಿಕ್ಕಮ್ಮನ ಮೂಗಿಗೆ ಬಿಡುವಿಲ್ಲ. ಲವಂಗ, ಕರ್ಪೂರ, ನೀಲಗಿರಿ ಎಣ್ಣೆ, ಸಂಪಿಗೆ, ಹಲಸಿನ ಹಣ್ಣು! ಒಮ್ಮೆ ನಮ್ಮ ಯಜಮಾನರ ಗೊಬ್ಬರದಂಗಡಿಯಿಂದ ಬೇವಿನ ಹಿಂಡಿಯನ್ನೂ ಒಯ್ದು ಹಿಡಿದರು.

"ಬಂತಾ?"

"ಇಲ್ರೀ."

"ಇದಕ್ಕೂ ಬರ್ಲಿಲ್ವಾ? ನನಗೆ ತಲೆ ಸುತ್ತು ಬಂತಲ್ಲೇ!"

ಕೊನೆಗೆ ಅವರಿಗೆ ನೆನಪಾದದ್ದು ಸ್ವೀಟ್ ಪೀ ಎನ್ನುವ ಹೂಬಳ್ಳಿ. ಚಿಕ್ಕಪ್ಪ ಬಿಸಿಲೆ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಲೈನ್ ಮನೆಗಳ ಆಳುಗಳ ಹಾಜರಿ ಕರೆದು ಕೆಲಸ ಹಂಚುವುದು ಅವರ ಕೆಲಸ. ಚಿಕ್ಕಮ್ಮ ಮದುವೆಯಾಗಿ ಅಲ್ಲಿನ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ, ಎಸ್ಟೇಟ್ ಮಾಲೀಕರ ಬಂಗಲೆಯ ಬೇಲಿಯ ಮೇಲಿಂದ ತೇಲಿ ಬಂದ ಆ ಹೂವಿನ ಘಮಕ್ಕೆ ನಿಂತುಬಿಟ್ಟು, "ನಮಗೂ ಇಂಥದ್ದೊಂದು ಬಳ್ಳಿ ಇದ್ದಿದ್ರೆ!" ಎಂದಿದ್ದರಂತೆ. ರೈಟರ್ ಆದವನು ಬಂಗಲೆಯ ಹೂವಿನ ಬೀಜ ಕೇಳುವುದುಂಟೇ? ಆಗ ಕೇಳಲಿಲ್ಲ. ರಿಟೈರಾಗಿ ಎಷ್ಟೋ ವರ್ಷದ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ, ಕೇಳಿ, ಒಂದು ಹಿಡಿ ಬೀಜ ತಂದರು. ಕೊಡುವಾಗ ಅಲ್ಲಿಯ ಮಾಲಿ ಹೇಳಿದನಂತೆ: "ಹೂ ಚೆಂದ ರೈಟ್ರೇ, ಕಾಳು ವಿಷ. ನೋಡೋಕೆ ಥೇಟ್ ಬಟಾಣಿ. ಉಸಾರು."

ಉಸಾರು ಎನ್ನುವ ಮಾತನ್ನು ನಮ್ಮ ಚಿಕ್ಕಪ್ಪನ ಮುಂದೆ ಆಡಬಹುದೇ! ಬೀಜದ ಡಬ್ಬಿಯ ಮೇಲೆ "ವಿಷ" ಎಂದು ಬರೆದು, ಕೆಳಗೆ ತಲೆಬುರುಡೆಯ ಚಿತ್ರ ಬಿಡಿಸಿದರು. ಚಿತ್ರ ಥೇಟ್ ಅವರ ಹಾಗೇ ಬಂದಿದೆ ಎಂದು ಚಿಕ್ಕಮ್ಮ ಹೇಳಿದ್ದಕ್ಕೆ ಅಳಿಸಿ ಇನ್ನೊಂದು ಬಿಡಿಸಿದರು. ಅದೂ ಅವರ ಹಾಗೇ ಬಂತು. ಮಳೆ ಹಿಂದೆ ಸರಿದ ಮೇಲೆ ಬೀಜದ ಸಿಪ್ಪೆಯನ್ನು ಸ್ಯಾಂಡ್ ಪೇಪರಿಗೆ ಒಂದಿಷ್ಟು ಉಜ್ಜಿ, ಒಂದು ರಾತ್ರಿ ನೀರಲ್ಲಿ ನೆನೆಸಿ, ಬೇಲಿಗೆ ಬಲೆ ಕಟ್ಟಿ ಊರಿದರು. ನೆನೆಸಿದ ಸ್ಟೀಲ್ ಲೋಟಕ್ಕೆ ಕೆಂಪು ಪೇಂಟ್ ಬಳಿದು ಅಡುಗೆಮನೆಯಿಂದ ಗಡೀಪಾರು ಮಾಡಿದರು. ಅದು ಚಿಕ್ಕಮ್ಮನ ತವರಿನ ಲೋಟ! ಮೂರು ದಿನ ಆ ಮನೆಯಲ್ಲಿ ಮಾತಿರಲಿಲ್ಲ.

ಹಿತ್ತಿಲಲ್ಲಿ ತಿನ್ನುವ ಬಟಾಣಿ ಬೆಳೆಯುವುದಂತೂ ಅಂದಿಗೇ ಬಂದ್. "ಒಂದು ಮನೇಲಿ ಎರಡು ಬಟಾಣಿ ಬ್ಯಾಡ. ತಿನ್ನೋದು ಸಂತೆಯಿಂದ ಬರ್ಲಿ" ಎಂದು ಆರ್ಡರ್ ಆಯಿತು. ಮನೆಗೆ ಬಂದವರಿಗೆ ಪರೀಕ್ಷೆ ಶುರುವಾಯಿತು. ಎಡಗೈಯಲ್ಲಿ ಸಂತೆಯವರಿಂದ ಬೇಡಿ ತಂದ ಬಟಾಣಿ ಬಳ್ಳಿ, ಬಲಗೈಯಲ್ಲಿ ಸ್ವೀಟ್ ಪೀ ಬಳ್ಳಿ. ಮದುವೆ ಕಾಗದ ಕೊಡಲು ಬಂದವರಿರಲಿ, ಮೀಟರ್ ನೋಡಲು ಬಂದವರಿರಲಿ, ಉತ್ತರ ಹೇಳದೆ ಕಾಫಿ ಇಲ್ಲ. ನಮ್ಮ ಯಜಮಾನರನ್ನೂ ಬಿಡಲಿಲ್ಲ.

"ಅಳಿಯಂದ್ರೇ, ಇದರ ಕಾಂಡ ಸವರಿ. ಏನೈತೆ?"

"ಕಾಂಡ... ಇದೆ."

"ಎರಡೂ ಕಡೆ ಪಟ್ಟಿ ಇಲ್ವಾ, ರೆಕ್ಕೆ ಥರ? ಮೈಮೇಲೆ ಸಣ್ಣ ರೋಮದಂಥ ಸುಂಕು ಇಲ್ವಾ? ಕಾಯಿ ಮುಟ್ಟಿ, ಅದಕ್ಕೂ ಸುಂಕು. ಎಲೆ ಎಣಿಸಿ, ಒಂದೇ ಜೊತೆ. ಈಗ ತಿನ್ನೋ ಬಟಾಣಿ ನೋಡಿ. ಕಾಂಡ ದುಂಡಗೆ, ಕಾಯಿ ನುಣ್ಣಗೆ, ಬುಡದಲ್ಲಿ ದೊಡ್ಡ ಎಲೆ ಎರಡು ಕಾಂಡಾನೇ ತಬ್ಕೊಂಡಿರ್ತವೆ. ಗೊಬ್ಬರ ಮಾರೋರು ನೀವು, ಗಿಡ ಗೊತ್ತಿಲ್ವಲ್ಲ!"

ಯಜಮಾನರಿಗೆ ಕಾಫಿ ಸಿಕ್ಕಿತು, ಆದರೆ ತಣ್ಣಗಾದ ಮೇಲೆ. ಆಮೇಲೆ ಎರಡು ತಿಂಗಳು ಅವರು ಹೊಂಗಡಹಳ್ಳದ ಹೆಸರೆತ್ತಲಿಲ್ಲ.

ಬಳ್ಳಿ ಹೂ ಬಿಡತೊಡಗಿತು. ಗುಲಾಬಿ, ನೇರಳೆ, ಕೆನೆಬಿಳಿ! ಈ ಹೂವಿನ ಗುಟ್ಟು ಏನೆಂದರೆ ಕೊಯ್ದಷ್ಟೂ ಬಿಡುತ್ತದೆ, ಕೊಯ್ಯದಿದ್ದರೆ ಕಾಯಿ ಕಟ್ಟಿ ಸುಮ್ಮನಾಗುತ್ತದೆ. ಕಾಯಿ ಕಟ್ಟದಿದ್ದರೆ ವಿಷದ ಭಯವೂ ಇಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಏಳೂವರೆಗೆ, ಎಸ್ಟೇಟಿನಲ್ಲಿದ್ದ ಹಾಗೇ, ಚಿಕ್ಕಪ್ಪನ ಹಾಜರಿ. ಸೀಟಿ ಊದಿ, ಬಳ್ಳಿ ಬಳ್ಳಿಗೂ ನಂಬರ್ ಕೂಗುತ್ತಾರೆ. "ಮೂರ್ನೇ ನಂಬ್ರು, ಏನವ್ವ, ಕಾಯಿ ಬಚ್ಚಿಟ್ಕೊಂಡಿದ್ದೀಯಾ? ತಗಿ ಈಚೆಗೆ!" ಬಾಡಿದ ಹೂವು, ತಪ್ಪಿಸಿಕೊಂಡ ಕಾಯಿ ಎಲ್ಲ ಕೊಯ್ದು, ದನ ಮೂಸದ ಹಾಗೆ ಗುಂಡಿ ತೆಗೆದು ಹೂಳುತ್ತಾರೆ. ಹೊಸ ಹೂಗೊಂಚಲು ಮಾತ್ರ ನೇರ ಚಿಕ್ಕಮ್ಮನ ಮೂಗಿಗೆ.

"ಬಂತಾ?"

"ಇಲ್ರೀ."

"ನಾಳೆ ಬತ್ತದೆ ಬುಡು."

ಎರಡು ಚಳಿಗಾಲ ಹೀಗೇ ಕಳೆಯಿತು. ಒಂದು ದಿನವೂ ಹಾಜರಿ ತಪ್ಪಲಿಲ್ಲ. ಚಿಕ್ಕಮ್ಮನ ಮೂಗಿನಲ್ಲಿ ವಾಸನೆ ಮಾತ್ರ ಗೈರುಹಾಜರಿ.

ಇನ್ನು ನಮ್ಮ ಜನರ ಒಂದು ಚಾಳಿ ಹೇಳಬೇಕು. ಹಾಸನ ಸೀಮೆಯವರ ಮುಂದೆ ಕಾಯಿ ತುಂಬಿದ ಮೊರ ಇಟ್ಟರೆ ಅವರ ಕೈ ಕೇಳುವುದಿಲ್ಲ. ಅವರೆಯೋ ತೊಗರಿಯೋ ಬಟಾಣಿಯೋ, ಯಾರ ಮನೆಯದೋ, ಯಾರೂ ವಿಚಾರಿಸುವುದಿಲ್ಲ. ಕೂತರು, ಸುಲಿದರು! ಸುಲಿಯುತ್ತ ಮಾತು, ಮಾತಿನ ನಡುವೆ ಎರಡು ಕಾಳು ಬಾಯಿಗೆ. ಸುಲಿಯದೆ ಸುಮ್ಮನೆ ಕೂತವರನ್ನು ಸೋಮಾರಿ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾರೆ.

ಈ ಮಾಘದಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಚಿಕ್ಕಪ್ಪ ಎರಡು ವಾರ ಜ್ವರದಲ್ಲಿ ಮಲಗಿ ಮೊದಲ ಸಲ ಹಾಜರಿ ತಪ್ಪಿದ್ದರಿಂದ ಬಳ್ಳಿಯ ತುಂಬ ಕಾಯಿ. ಎದ್ದವರೇ ಎಲ್ಲ ಕೊಯ್ದು, ಮೊರಕ್ಕೆ ಸುರಿದು, ಜಗಲಿಯ ಮೇಲಿಟ್ಟು, ಗುಂಡಿ ತೆಗೆಯಲು ಗುದ್ದಲಿ ಹಿಡಿದು ಹಿಂದಕ್ಕೆ ಹೋದರು. ನಾನೂ ಚಿಕ್ಕಮ್ಮನೂ ಒಳಗೆ ರೊಟ್ಟಿ ತಟ್ಟುತ್ತಿದ್ದೆವು. ಅಷ್ಟರಲ್ಲಿ ಚಿಕ್ಕಮ್ಮನ ತಮ್ಮ, ನಾನು ಮಾವ ಎಂದು ಕರೆಯುವವರು, ಆಲೂರಿನಿಂದ ಬಂದು ಜಗಲಿಯಲ್ಲಿ ಕೂತರು. ಮೊರ ಎದುರಿಗೇ ಇತ್ತು. ಇನ್ನೇನು ಹೇಳಲಿ!

ಚಿಕ್ಕಪ್ಪ ವಾಪಸ್ ಬರುವಷ್ಟರಲ್ಲಿ ಅರ್ಧ ಮೊರ ಸುಲಿದಾಗಿತ್ತು. ಮಾವನ ದವಡೆ ಆಡುತ್ತಿತ್ತು.

"ಬುಡು! ಉಗಿ! ಎಷ್ಟು ತಿಂದೆ?"

"ಎರಡೇ ಕಣ್ ಭಾವ. ರುಚೀನೇ ಇಲ್ಲ, ಯಾವ ಸಂತೇದು?"

ಚಿಕ್ಕಪ್ಪ ರಸ್ತೆಗೆ ಓಡಿ ಆಟೋ ನಿಲ್ಲಿಸಿದರು. ಮಾವನನ್ನು ಆಟೋಗೆ ತಳ್ಳಿ, ಸಾಕ್ಷಿಗೆ ಬಳ್ಳಿಯನ್ನೂ ಕಾಯಿಯನ್ನೂ ಹಿಡಿದು, ನನ್ನನ್ನೂ ಹತ್ತಿಸಿಕೊಂಡು ಸಕಲೇಶಪುರದ ಆಸ್ಪತ್ರೆಗೆ ಹೊರಟರು. ದಾರಿಯುದ್ದಕ್ಕೂ "ಕಾಲು ಜೋಮು ಹಿಡೀತಾ? ಹೊಟ್ಟೆ ತೊಳಸ್ತಾ?" ಎಂದು ಕೇಳಿ ಕೇಳಿ, ಇಲ್ಲದ ಜೋಮನ್ನು ಮಾವನ ಕಾಲಿಗೆ ತರಿಸಿದರು. ಡಾಕ್ಟರ್ ಎಲ್ಲ ಪರೀಕ್ಷಿಸಿ, "ಎರಡು ಕಾಳಿಗೆ ಏನೂ ಆಗಲ್ಲ, ರಾಶಿ ತಿಂದರೆ ಕಷ್ಟ. ಸ್ವಲ್ಪ ಹೊತ್ತು ಇಲ್ಲೇ ಇರಿ. ಈಗ ಏನಾದರೂ ತೊಂದರೆ ಅನ್ನಿಸ್ತಿದೆಯಾ?" ಎಂದರು.

"ಹಸಿವು ಸಾರ್" ಎಂದರು ಮಾವ.

ಅಷ್ಟಕ್ಕೇ ಬಿಟ್ಟರೇ ಚಿಕ್ಕಪ್ಪ? ಡಾಕ್ಟರ ಕೈಗೂ ಬಳ್ಳಿ ಕೊಟ್ಟು, "ಕಾಂಡ ಸವರಿ ಸಾರ್, ಏನೈತೆ?" ಎಂದರು. ನಾನು ತಲೆ ತಗ್ಗಿಸಿ ನೆಲ ನೋಡುತ್ತ ಕೂತೆ.

ಮಧ್ಯಾಹ್ನ ಮನೆಗೆ ಬಂದೆವು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ತಮ್ಮ ನಡೆದುಕೊಂಡೇ ಬರುವುದನ್ನು ಕಂಡು, ಕಾಫಿಗೆ ಹಾಲಿಟ್ಟು ಬಂದು ಜಗಲಿಯಲ್ಲಿ ಕೂತರು. ಮಾವ ಒಂದೇ ಮಾತು ಹೇಳಿದರು: "ನಾನು ದೊಡ್ಡೋನು, ಉಳ್ಕೊಂಡೆ. ನಾಳೆ ಇನ್ಯಾರೋ ಬಂದು ಬೊಗಸೆ ತಿಂದ್ರೆ? ಆ ಬಳ್ಳಿ ಕಿತ್ತಾಕಿ ಭಾವ."

ಚಿಕ್ಕಪ್ಪ ಜಗಳಕ್ಕೆ ನಿಲ್ಲುತ್ತಾರೆಂದು ನಾನು ಸೆರಗು ಸಿಕ್ಕಿಸಿಕೊಂಡೆ. ಅವರು ಸುಮ್ಮನೆ ಗುದ್ದಲಿ ತೆಗೆದುಕೊಂಡರು.

"ಸರಿ ಕಣಪ್ಪ ನೀನನ್ನೋದು. ಎರಡು ವರ್ಷ ಆಯ್ತು, ಅವಳ ಮೂಗೂ ಬರ್ಲಿಲ್ಲ. ಯಾರಿಗಾದ್ರೂ ಏನಾದ್ರೂ ಆದ್ರೆ ನಾನು ತಡ್ಕೊಳಾಕಾಗಲ್ಲ."

ಅಷ್ಟು ಸೋತ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. ಬೇಲಿಯ ಹತ್ತಿರ ಹೋದವರು ಒಂದು ಗೊಂಚಲು ಕೊಯ್ದು ತಿರುಗಿ ಬಂದು, ಚಿಕ್ಕಮ್ಮನ ಮುಂದೆ ಹಿಡಿದರು.

"ಕಡೇ ಸಲ. ಬಂತಾ?"

ಚಿಕ್ಕಮ್ಮ ಹೂವನ್ನು ನೋಡಿದರು. ಚಿಕ್ಕಪ್ಪನ ಇನ್ನೊಂದು ಕೈಯಲ್ಲಿದ್ದ ಗುದ್ದಲಿಯನ್ನು ನೋಡಿದರು. ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದರು.

"ರೀ! ಬಂತು ಕಣ್ರೀ! ಘಮ್ ಅಂತೈತೆ. ಕ್ವಾರ್ಟರ್ಸಲ್ಲಿ ಬರ್ತಿತ್ತಲ್ಲ, ಹಂಗೇ!"

ನಾನು ಚಪ್ಪಾಳೆ ತಟ್ಟಿಬಿಟ್ಟೆ. ಮಾವನಂತೂ ಎದ್ದೇ ನಿಂತರು. ಆಗ ಒಳಗಿನಿಂದ, ಹಾಲು ಉಕ್ಕಿ ತಳ ಹತ್ತಿ ಸೀದ ವಾಸನೆ ಜಗಲಿಗೆ ರಪ್ಪನೆ ಬಡಿಯಿತು. ಮಾವ ಟವಲಿನಿಂದ ಮೂಗು ಮುಚ್ಚಿಕೊಂಡರು. ಚಿಕ್ಕಮ್ಮ ಮಾತ್ರ ಗೊಂಚಲನ್ನು ಮೂಗಿಗೆ ಒತ್ತಿಕೊಂಡು ನಗುತ್ತಲೇ ಇದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಚಿಕ್ಕಪ್ಪ ಅಡುಗೆಮನೆ ಬಾಗಿಲ ಕಡೆ ನೋಡಿದರು, ಆಮೇಲೆ ಚಿಕ್ಕಮ್ಮನನ್ನು ನೋಡಿದರು. ಡಾಕ್ಟರನ್ನೇ ಪರೀಕ್ಷೆ ಮಾಡಿದ ಮನುಷ್ಯ, ಈಗ ಬಿಡುತ್ತಾರೆಯೇ? ಅವರು ಗುದ್ದಲಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಒಲೆ ಆರಿಸಿದ ಸದ್ದು ಕೇಳಿತು. ಪಂಚೆಗೆ ಕೈ ಒರೆಸಿಕೊಳ್ಳುತ್ತ ಈಚೆಗೆ ಬಂದರು.

"ಅಕ್ಕಾ, ಹಾಲು..." ಎಂದು ಮಾವ ಬಾಯಿ ತೆರೆದರು.

"ಹಾಲು ನಾನು ಇಳಿಸ್ದೆ. ನೀನು ವಿಷ ತಿಂದೋನು, ಸುಮ್ನೆ ಕೂತ್ಕೊ. ಬಳ್ಳಿ ಇರ್ಲಿ. ಇನ್ಮೇಲೆ ಕಾಯಿ ಮೊರಕ್ಕೆ ಹಾಕಲ್ಲ, ಮುಚ್ಚಳದ ಬಕೀಟಿಗೆ ಹಾಕಿ ಬೀಗ ಜಡೀತೀನಿ, ಆಯ್ತಾ?"

ನನಗೆ ಅಳು ತಡೆಯಲಾಗಲಿಲ್ಲ. ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಳ್ಳಬೇಕು ಅನ್ನಿಸಿತು. ಚಿಕ್ಕಪ್ಪ ಚಿಕ್ಕಮ್ಮನ ಪಕ್ಕದಲ್ಲಿ ಕೂತು, ಗೊಂಚಲನ್ನು ಮತ್ತೊಮ್ಮೆ ಅವರ ಮೂಗಿನ ಹತ್ತಿರ ಹಿಡಿದರು.

"ಇನ್ನೂ ಬತ್ತೈತಾ?"

"ಬತ್ತೈತೆ ಕಣ್ರೀ" ಎಂದರು ಚಿಕ್ಕಮ್ಮ.

"ಹೂಂ. ನಾಳೆ ಇನ್ನೂ ಜಾಸ್ತಿ ತರ್ತೀನಿ."