ಎತ್ತರ ಸೊನ್ನೆ!

"ಒಂದು ಕೊಳವೆ ಸುಳ್ಳು ಹೇಳಬಹುದು. ಮೂರರಲ್ಲಿ ಎರಡು ಹೇಳಿದ್ದೇ ನಿಜ! ದೊಡ್ಡ ವಿಮಾನಗಳಲ್ಲೂ ಇದೇ ಕ್ರಮ!" ಎಂದು ಚೌಡಪ್ಪ ಭಾವ ತಾವೇ ಕಟ್ಟಿದ ಹಾರುಗಾಡಿಯ ಮೂತಿ ತಟ್ಟಿದರು. ಗಾಳಿಯ ಒತ್ತಡ ಹಿಡಿದು ಎತ್ತರ ಅಳೆಯುವ ಮೂರು ಕೊಳವೆಗಳು ಅಲ್ಲಿ ಮಿರುಗುತ್ತಿದ್ದವು.

ಅಕ್ಕನ ಗಂಡ ಚೌಡಪ್ಪನವರು ಮೂವತ್ತೆರಡು ವರ್ಷ ವಿಮಾನಗಳ ಎಚ್ಚರಿಕೆ ಗಂಟೆಗಳನ್ನು ರಿಪೇರಿ ಮಾಡಿದವರು. ಒಂದು ಸಲವೂ ಹಾರಿದವರಲ್ಲ! ಟಿಕೆಟ್ ತಗೊಳ್ಳಿ ಎಂದರೆ "ಪ್ರಯಾಣಿಕನಾಗಿ? ಥೂ!" ಎನ್ನುತ್ತಿದ್ದರು. ದೊಡ್ಡಬಳ್ಳಾಪುರದ ಮೇಲೆ ವಿಮಾನ ಹೋದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ತಾರಸಿಗೆ ಓಡುತ್ತಿದ್ದರು. "ನಾನೇ ಹಾರಿಸ್ಕೊಂಡು ಹೋಗಿ ಒಂದ್ಸಲ ಮೇಲಿಂದ ನಮ್ಮೂರು ನೋಡ್ಬೇಕು ಕಣೋ" ಎನ್ನುತ್ತಿದ್ದರು.

ಆಯುಧಪೂಜೆಯ ದಿನವೇ ಹಾರಾಟ. ಅಕ್ಕ ಕೊಳವೆಗಳ ಬಾಯಿಗೆ ಗಂಧ ಮೆತ್ತಿ ಕುಂಕುಮ ಇಟ್ಟಳು. ಮೂರನೆಯದಕ್ಕೆ ಗಂಧ ಸಾಲಲಿಲ್ಲ. ಕುಂಬಳಕಾಯಿ ಒಡೆದು ಹಿಂದಿನ ಸೀಟಿನಲ್ಲಿ ಕೂತಳು.

"ಮಾಪಕ ನೂರಡಿ ತೋರಿಸೋವರ್ಗೂ ನಾನು ತಲೆ ಎತ್ತಲ್ಲ. ಕಣ್ಣು ಮೋಸ ಮಾಡುತ್ತೆ!" ಎಂದರು ಭಾವ.

ಗಾಡಿ ಎದ್ದೇಬಿಟ್ಟಿತು! "ಎತ್ತರ ಸೊನ್ನೆ! ಶಕ್ತಿ ಹೆಚ್ಚಿಸಿ!" ಎಂದು ಎಚ್ಚರಿಕೆ ಯಂತ್ರ ಅರಚಿತು. ಭಾವ ಹೆಚ್ಚಿಸಿದರು. ಗಾಡಿ ಮಗ್ಗದ ಮನೆಗಳ ಶೀಟು ದಾಟಿತು. ಮೇಲಿನ ಜಗಳವೆಲ್ಲ ಗಾಡಿಯಲ್ಲಿಟ್ಟ ಮೈಕಿನಿಂದ ಕೆಳಗೆ ಮೈದಾನದಲ್ಲಿ ನಿಂತ ನಮಗೆ ಕೇಳುತ್ತಿತ್ತು.

"ರೀ, ತೆಂಗಿನಮರ ಕೆಳಗೋಯ್ತು! ತಲೆ ಎತ್ರೀ!"

"ಸುಮ್ನಿರೇ! ಎರಡು ಕೊಳವೆ ನೆಲದಲ್ಲೇ ಇದೀವಿ ಅಂತಾವೆ. ಇನ್ನೂರಡಿ ಅನ್ನೋದು ಒಂದೇ, ಅದು ಕೆಟ್ಟಿದೆ!"

"ನಾಗರಕೆರೆ ಪೂರ್ತಿ ಕಾಣ್ತಿದೆ ಕಣ್ರೀ!"

"ಯಂತ್ರ ನಿನ್ನ ಮತ ಲೆಕ್ಕಕ್ಕೆ ತಗೊಳಲ್ಲ!"

ಕಡೆಗೆ ಬ್ಯಾಟರಿ ಸೋತು, ಗಾಡಿ ತೂರಾಡುತ್ತ ಇಳಿದು, ಹೊರಟ ಮೈದಾನದಲ್ಲೇ ಧೊಪ್ಪೆಂದು ಕೂತು ಎರಡು ತುಂಡಾಯಿತು.

ಭಾವ ಆಗ ತಲೆ ಎತ್ತಿದರು. "ಏಳ್ಲೇ ಇಲ್ಲ ನೋಡು. ಕುಲುಕಿದ್ದೇ ಬಂತು."

ನಾನು ಕಡ್ಡಿ ಹಾಕಿ ಎರಡು ಕೊಳವೆಗಳಿಂದ ಒಣಗಿದ ಗಂಧ ಕೆದಕಿ ತೋರಿಸಿದೆ. ಬಾಯಿ ಕಟ್ಟಿದ ಕೊಳವೆಗಳು ನೆಲದ ಗಾಳಿಯನ್ನೇ ಹಿಡಿದುಕೊಂಡು ಕೂತಿದ್ದವು! ಭಾವ ಕಡ್ಡಿಯ ತುದಿಯ ಗಂಧವನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಹಂಗಾದ್ರೆ... ನಾನು ಹಾರಿದ್ನಾ?" ಎಂದರು. ಅವರ ಕಣ್ಣು ತುಂಬಿತು, ನನಗೂ ದುಃಖ ತಡೆಯಲಾಗಲಿಲ್ಲ. ಅಷ್ಟರಲ್ಲಿ ಪೊಲೀಸರು ಬಂದು, ಇನ್ನು ಹಾರುವುದಿಲ್ಲವೆಂದು ಬರೆಸಿಕೊಂಡು ತುಂಡುಗಳನ್ನು ಹೊತ್ತೊಯ್ದರು.

ಈಗ ದಿನಾ ಸಂಜೆ ಕಾಫಿ ಹಿಡಿದು ಭಾವ ಅಕ್ಕನ ಎದುರು ಕೂರುತ್ತಾರೆ. ಕಣ್ಣು ಮುಚ್ಚಿ, "ಕೆರೆ ಆದ್ಮೇಲೆ ಏನ್ ಕಾಣ್ತು, ಹೇಳೇ" ಎನ್ನುತ್ತಾರೆ. ಅಕ್ಕ ದಿನಕ್ಕೊಂದು ಹೊಸದು ಸೇರಿಸುತ್ತಾಳೆ. ನಿನ್ನೆ ಮಂಗಳೂರಿನ ಸಮುದ್ರವೂ ಕಂಡಿತಂತೆ. ಇನ್ನೂರಡಿಯಿಂದ ಅದು ಹೇಗೆ ಕಂಡಿತೆಂದು ನಾನು ಕೇಳಲು ಹೋಗಲಿಲ್ಲ.