ಸ್ವಾವಲಂಬಿ ಕಾರ್ಯಭಾರ

ನಗರದ ನೀರು ಸರಬರಾಜು ಕಚೇರಿಯಲ್ಲಿ ವಿಳಂಬವೆಂಬುದು ಇಲ್ಲ. ಹೊಸ ನಲ್ಲಿಗೆ ಅರ್ಜಿ ಹಾಕಿದವರಿಗೆ ಹನ್ನೊಂದು ತಿಂಗಳಾದರೂ ನೀರು ಬಂದಿಲ್ಲವೆಂಬುದು ನಿಜ. ಆದರೆ ಅದನ್ನು ವಿಳಂಬ ಎನ್ನಬಾರದೆಂದು ಕಚೇರಿಯ ಆದೇಶವೇ ಇದೆ. ಆ ಆದೇಶದ ಕರಡು ಬರೆದವನು ನಿಘಂಟು.

ನಿಘಂಟು ಎಂಬುದು ಅವನ ಹೆಸರಲ್ಲ. ಯಾವ ಪದ ಕೇಳಿದರೂ ತಡವರಿಸದೆ ಹೇಳುವ ಈ ಕರಡು ಗುಮಾಸ್ತನನ್ನು ಕಚೇರಿಯವರು ಹಾಗೆ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವನಿಂದ ಯಾರ ಮನೆಗೂ ಒಂದು ಲೋಟ ನೀರು ಹೋಗಿರಲಿಲ್ಲ, ಒಂದು ಕಾಗುಣಿತದ ತಪ್ಪೂ ಹೋಗಿರಲಿಲ್ಲ. ಇದನ್ನು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಹೇಳಿದ ಮೇಲೆ ಕೊಂಚ ನಾಚಿಕೆಯಾಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದ.

ನಡೆದದ್ದು ಇಷ್ಟು. ನಲ್ಲಿ ಬಾರದ ಜನ ನೆನಪೋಲೆ ಬರೆದರು. ಪ್ರತಿ ನೆನಪೋಲೆಗೂ ಪ್ರತ್ಯೇಕ ಸಂಖ್ಯೆ, ಪ್ರತ್ಯೇಕ ಕಡತ, ಏಳು ದಿನದೊಳಗೆ ಉತ್ತರ ಎಂಬುದು ನಿಯಮ. ಆದ್ದರಿಂದ ಅರ್ಜಿ ನೋಡುತ್ತಿದ್ದ ಆರು ಜನರಲ್ಲಿ ನಾಲ್ವರನ್ನು ನೆನಪೋಲೆಗೆ ಹಾಕಿದರು. ಅರ್ಜಿಗಳು ಇನ್ನಷ್ಟು ನಿಂತವು, ನೆನಪೋಲೆಗಳು ಇನ್ನಷ್ಟು ಬಂದವು. ಉಳಿದಿಬ್ಬರನ್ನೂ ಅಲ್ಲಿಗೇ ಹಾಕಿದರು. ಈಗ ಎಲ್ಲರಿಗೂ ಏಳೇ ದಿನದಲ್ಲಿ ಉತ್ತರ ಹೋಗತೊಡಗಿತು: ‘ತಮ್ಮ ಅರ್ಜಿಯು ಪರಿಶೀಲನೆಯಲ್ಲಿದೆ.’ ಪರಿಶೀಲಿಸುವವರು ಮಾತ್ರ ಯಾರೂ ಇರಲಿಲ್ಲ.

ನಿಘಂಟುವಿನ ಹೆಂಡತಿಯ ಅರ್ಜಿಯೂ ಆ ರಾಶಿಯಲ್ಲಿತ್ತು. ಅವಳು ದಿನಾ ಮೂರನೇ ಬೀದಿಯಿಂದ ಎಂಟು ಕೊಡ ನೀರು ಹೊತ್ತು ಎರಡು ಮಹಡಿ ಹತ್ತುತ್ತಿದ್ದಳು. ಸೊಂಟ ಹಿಡಿದುಬಿಟ್ಟಿತ್ತು.

“ರೀ, ನಿಮ್ಮದೇ ಕಚೇರಿ. ಒಂದು ಮಾತು ಹೇಳಬಾರದಾ?”

“ಹೇಳೋಣ ಅಂದ್ರೆ ಆ ಮೇಜಲ್ಲಿ ಯಾರೂ ಇಲ್ವಲ್ಲೇ. ನೀನೊಂದು ನೆನಪೋಲೆ ಕಳಿಸು.”

ಕಳಿಸಿದಳು. ಒಂದಲ್ಲ, ಒಂಬತ್ತು.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಪತ್ರ ಬಂತು: ‘ತಮ್ಮಲ್ಲಿನ ಸಮಸ್ಯೆಗೆ ಸೂಕ್ತ ಪದವನ್ನು ಗುರುತಿಸಿ ಹದಿನೈದು ದಿನದೊಳಗೆ ವರದಿ ಮಾಡತಕ್ಕದ್ದು.’ ಅಧೀಕ್ಷಕಿ ಮೇಡಂ ಸಭೆ ಕರೆದರು.

“ವಿಷವರ್ತುಲ ಅಂತಾರೆ, ಮೇಡಂ,” ಎಂದ ನಿಘಂಟು.

“ನೀರಿನ ಕಚೇರಿ ಕಾಗದದಲ್ಲಿ ವಿಷ ಅಂತ ಬರೀತೀರಾ? ಜನ ಬಂದು ಬಾಗಿಲು ಮುರೀತಾರೆ.”

“ಸುಳಿ?”

“ಸುಳಿಗೆ ಸಿಕ್ಕಿದೋರು ಮುಳುಗ್ತಾರೆ. ಬೇಡ.”

“ಹೋಗ್ಲಿ, ಬರೀ ಸುತ್ತು?”

“ಸುತ್ತು ಅನ್ನೋದು ಸುತ್ತೋಲೆಗೆ ಮಾತ್ರ ಮೀಸಲು,” ಎಂದ ಟಪಾಲು ಗುಮಾಸ್ತ, ನಿಯಮದ ಪುಸ್ತಕ ತೆರೆಯದೆಯೇ.

ನೆನಪೋಲೆಯ ಆರೂ ಜನರನ್ನು ಪದಶೋಧನಾ ಸಮಿತಿಗೆ ಹಾಕಲಾಯಿತು. ಹದಿಮೂರನೇ ದಿನ ನಿಘಂಟುವಿಗೆ ಹೊಳೆಯಿತು: ಸ್ವಾವಲಂಬಿ ಕಾರ್ಯಭಾರ. ಯಾರ ನೆರವೂ ಇಲ್ಲದೆ ತಾನೇ ತಾನಾಗಿ ಬೆಳೆಯುವ ಕೆಲಸ! ಮೇಡಂ ಕುರ್ಚಿಯಿಂದ ಎದ್ದು ಕೈ ಕುಲುಕಿದರು. ಮನೆಗೆ ನಡೆದು ಬಂದದ್ದೇ ಅವನಿಗೆ ಗೊತ್ತಾಗಲಿಲ್ಲ.

ಹೆಂಡತಿ ಕೊಡ ಇಳಿಸಿ ಕೇಳಿಸಿಕೊಂಡಳು. “ಸರಿ, ಹಾಗಾದ್ರೆ ನೀರು ಯಾವಾಗ?”

“ಅದು ಈ ಪದದ ವ್ಯಾಪ್ತಿಗೆ ಬರಲ್ಲ.”

ಅವಳು ಸೊಂಟ ಹಿಡಿದುಕೊಂಡೇ ನಕ್ಕಳು. ಅವನಿಗೂ ನಗು ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ತಾನೇ ಕೊಡ ಎತ್ತಿಕೊಂಡು ಹೊರಟ. ಎರಡನೇ ಕೊಡಕ್ಕೆ ಏದುಸಿರು ಬಂದು ಮೆಟ್ಟಿಲ ಮೇಲೆ ಕೂತ. ಏದುಸಿರಿಗೆ ಅವನಿಗೆ ನಾಲ್ಕು ಪರ್ಯಾಯ ಪದಗಳು ಗೊತ್ತಿದ್ದವು. ಒಂದೂ ಕೊಡ ಎತ್ತಲಿಲ್ಲ.

ಮೇಲಿನವರಿಗೆ ಪದ ಬಹಳ ಹಿಡಿಸಿತು. ಎಲ್ಲ ಉತ್ತರಗಳಲ್ಲೂ ಅದನ್ನು ಸೇರಿಸಲು ಆದೇಶವಾಯಿತು. ಓದಿದ ಜನ ಅರ್ಥ ಕೇಳಿ ಪತ್ರ ಬರೆದರು. ಪ್ರತಿಯೊಂದಕ್ಕೂ ಪ್ರತ್ಯೇಕ ಸಂಖ್ಯೆ, ಪ್ರತ್ಯೇಕ ಕಡತ. ಕೈಗಳು ಸಾಲದಾದಾಗ ಪ್ರಕಟಣೆ ಹೊರಬಿತ್ತು:

‘ಉತ್ತರ ಬರೆಯಲು ತಾತ್ಕಾಲಿಕ ಸಹಾಯಕರು ಬೇಕಾಗಿದ್ದಾರೆ. ಅರ್ಹತೆ: ಕನಿಷ್ಠ ಐದು ನೆನಪೋಲೆ ಬರೆದ ಅನುಭವ. ಪಕ್ಷಪಾತವನ್ನು ತಪ್ಪಿಸುವ ಸಲುವಾಗಿ, ಮನೆಯಲ್ಲಿ ನಲ್ಲಿ ಇರುವವರನ್ನು ಪರಿಗಣಿಸಲಾಗುವುದಿಲ್ಲ.’

ಒಂಬತ್ತು ನೆನಪೋಲೆಯ ಹೆಂಡತಿಗೆ ಮೊದಲ ಸ್ಥಾನ ಸಿಕ್ಕಿತು. ಬೀದಿಯ ಅರ್ಧ ಜನ ಅವಳ ಹಿಂದೆಯೇ ಸೇರಿದರು. ಗಂಡನ ಪಕ್ಕದ ಮೇಜಿನಲ್ಲಿ ಕೂತು ಅವಳು ಚೊಕ್ಕವಾಗಿ ಬರೆಯುತ್ತಿದ್ದಳು. ತನ್ನ ಹತ್ತನೇ ನೆನಪೋಲೆ ತನ್ನ ಮೇಜಿಗೇ ಬಂದಾಗಲೂ ಸಂಖ್ಯೆ ಹಾಕಿ ಕಡತ ತೆರೆದಳು. ತನಗೆ ತಾನೇ ‘ದಯವಿಟ್ಟು ಸಹಕರಿಸಿ’ ಎಂದು ಬರೆದು ಮೊಹರು ಒತ್ತಿದಳು.

ಒಂದು ರಜೆಯ ಬೆಳಿಗ್ಗೆ ನಲ್ಲಿ ಜೋಡಿಸುವವನು ಹೆಗಲ ಮೇಲೆ ಪೈಪು ಹೊತ್ತು ಅವರ ಬಾಗಿಲಿಗೆ ಬಂದ.

“ಅಮ್ಮಾ, ನಿಮ್ಮ ಅರ್ಜಿ ಮಂಜೂರಾಗಿದೆ. ಹೇಗಾಯ್ತೋ ನನಗೂ ಗೊತ್ತಿಲ್ಲ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವಳ ಕೈ ಸೊಂಟಕ್ಕೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

“ನಮ್ಮದು ಇನ್ನೂ ಪರಿಶೀಲನೆಯಲ್ಲಿದೆ. ನೀವು ಮನೆ ತಪ್ಪಿ ಬಂದಿದೀರಿ,” ಎಂದಳು.

“ಬೀದಿಯಲ್ಲಿ ಹದಿನಾಲ್ಕು ಮನೆಯೋರೂ ಹೀಗೇ ಅಂದ್ರು,” ಅವನು ಪೈಪು ಇಳಿಸಿದ. “ಅಲ್ಲಾ, ನಮ್ಮನೇಲೂ ನಲ್ಲಿ ಇಲ್ಲ. ಆ ಉತ್ತರ ಬರೆಯೋ ಕೆಲಸದಲ್ಲಿ ಜಾಗ ಖಾಲಿ ಇದೆಯಾ?”

“ಎಷ್ಟು ನೆನಪೋಲೆ ಬರೆದಿದೀರಿ?”

“ಎರಡು.”

“ಇನ್ನು ಮೂರು ಬೇಕು. ಒಳಗೆ ಬನ್ನಿ,” ಎಂದು ಅವಳು ಕಾಗದ ತಂದಳು. ನಿಘಂಟು ಜೇಬಿನಿಂದ ಪೆನ್ನು ತೆಗೆದುಕೊಟ್ಟ.