ವೆಬ್‌ಸೈಟಕ್ಕನ ಕಿಟಕಿ

ರಾದ್ಧಾಂತಕ್ಕೆಲ್ಲ ಕಾರಣ ಒಂದು ಕಿಟಕಿ. ಅದೂ ಬಾಡಿಗೆ ಮನೆಯ ಅಡುಗೆಕೋಣೆಯದು.

ಕೋಟ್ಯಧೀಶರಿಗೆ ಬಂಗಲೆ ಮಾರುವ ಕಂಪನಿಯ ವೆಬ್‌ಸೈಟನ್ನು ಹೊಸದಾಗಿ ರೂಪಿಸುವ ಕೆಲಸ ಅವಳದು. ಆಫೀಸಿಗೆಲ್ಲ ಅವಳು ವೆಬ್‌ಸೈಟಕ್ಕ. ಹಳೆಯ ಸೈಟು, ಹೊಕ್ಕವರಿಗೆ ಹೊರದಾರಿ ತಿಳಿಯದ, ಕೇಳಿದ್ದಕ್ಕೆ ಬೇಗ ಉತ್ತರವೂ ಕೊಡದ ಚಕ್ರವ್ಯೂಹ. ಅದನ್ನವಳು ಮಗುವೂ ಬಳಸುವಷ್ಟು ಸಲೀಸು ಮಾಡಿದಳು. ಆದರೆ ಬಂಗಲೆಗಳ ಚಿತ್ರಗಳಲ್ಲಿ ನುಣುಪು ಕಲ್ಲು ಬಿಟ್ಟರೆ ಜೀವವೇ ಇಲ್ಲ. ಖಾಲಿ ಜಾಗ ತುಂಬಲು ಸದ್ಯಕ್ಕೆಂದು ತನ್ನ ಕಿಟಕಿಯ ಚಿತ್ರ ಹಾಕಿಟ್ಟಳು: ಬೆಳಗಿನ ಬಿಸಿಲು, ಅಂಚು ಮುಕ್ಕಾದ ಲೋಟ, ಒಣಹಾಕಿದ ಒಲೆ ಒರೆಸುವ ಬಟ್ಟೆ. ತೆಗೆಯುವುದನ್ನು ಮರೆತಳು.

ಹತ್ತು ಗಂಟೆಗೆ ಸೈಟು ಬಿಡುಗಡೆಯಾಯಿತು. ಎಲ್ಲ ಸುಸೂತ್ರವಾದರೆ ಮೂರು ವರ್ಷದ ತಾತ್ಕಾಲಿಕ ಕೆಲಸ ಸಂಜೆಗೆ ಕಾಯಂ. ಎಡವಿದರೆ ನಾಳೆಯಿಂದ ಬರುವಂತಿಲ್ಲ.

ಹತ್ತೂವರೆಗೆ ಮಾರಾಟದ ಮ್ಯಾನೇಜರ್ ಬಾಲ ಸುಟ್ಟ ಬೆಕ್ಕಿನಂತೆ ಓಡಿಬಂದ.

“ಅಕ್ಕಾ, ಆ ಕಿಟಕಿ ಮನೆ ಯಾವ್ದು? ಆಗ್ಲೇ ಹನ್ನೊಂದು ಫೋನು! ಈಜುಕೊಳ ಇರೋ ಬಂಗಲೇನ ಒಬ್ರೂ ಕೇಳ್ತಿಲ್ಲ.”

ಚಿತ್ರ ತೆಗೆಯದೇ ಬಿಟ್ಟದ್ದು ಅವಳಿಗೆ ಆಗ ಹೊಳೆಯಿತು. “ಅದು... ಇನ್ನೂ ಮಾರಾಟಕ್ಕಿಲ್ಲ.”

“ಮಾರಾಟಕ್ಕಿಲ್ವಾ? ಹಾಗಂದ್ರೆ ಇನ್ನೂ ಮುಗಿಬೀಳ್ತಾರೆ ಬಿಡಿ!”

ಅವನು ಅತ್ತ ಹೋದದ್ದೇ, ಅವಳು ಚಿತ್ರ ಅಳಿಸಿದಳು. ಅಳಿಸಿದ್ದೇ ತಪ್ಪಾಯಿತು.

“ಅಕ್ಕಾ, ಮನೆ ಮಾರಿಹೋಯ್ತಾ ಅಂತ ಒಬ್ಬಮ್ಮ ಫೋನಲ್ಲಿ ಅಳ್ತಿದಾರೆ!” ಸ್ವಾಗತಕಾರಿಣಿ ಕೂಗಿದಳು. “ಎಷ್ಟಾದ್ರೂ ಕೊಡ್ತಾರಂತೆ. ಆ ಕಿಟಕಿ ಹತ್ರ ಒಂದು ಗಳಿಗೆ ಕೂತ್ರೆ ಜನ್ಮ ಸಾರ್ಥಕ ಅಂತೆ.”

ವೆಬ್‌ಸೈಟಕ್ಕ ಹನ್ನೆರಡು ವರ್ಷದಿಂದ ಆ ಕಿಟಕಿಯ ಮುಂದೆ ನಿಂತಿದ್ದಾಳೆ. ಕೂತದ್ದು ನೆನಪಿಲ್ಲ.

ಅಷ್ಟರಲ್ಲಿ ಸ್ವಾಗತಕಾರಿಣಿ ತಾನು ಉಳಿಸಿಕೊಂಡಿದ್ದ ಚಿತ್ರವನ್ನು ಹಿಗ್ಗಿಸಿ ನೋಡುತ್ತಿದ್ದಳು. “ಅಯ್ಯೋ, ಈ ಬಟ್ಟೆ ಮೇಲೆ ನಮ್ಮ ಕಂಪನಿ ಹೆಸರಿದೆ! ವಾರ್ಷಿಕೋತ್ಸವಕ್ಕೆ ಹಂಚಿದ ಟವೆಲ್ಲು! ಯಾರಪ್ಪಾ ಇದರಲ್ಲಿ ಒಲೆ ಒರೆಸಿರೋದು?”

ಇಡೀ ಆಫೀಸು ವೆಬ್‌ಸೈಟಕ್ಕನತ್ತ ತಿರುಗಿತು. ಮುಚ್ಚಿಟ್ಟು ಸುಖವಿಲ್ಲವೆಂದು ಅವಳು ನೇರ ಯಜಮಾನರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡಳು.

ಯಜಮಾನರು ಒಂದು ಕಾಗದ ಮುಂದೆ ತಳ್ಳಿದರು. “ನಿಮ್ಮ ವಿಳಾಸ ಬರೆದುಕೊಡಿ ತಾಯಿ. ಕಾಯಂ ಪತ್ರಕ್ಕೆ ಬೇಕು.”

ಸಂಜೆ ಪತ್ರ ಕೈಗೆ ಬಂತು. ಅವಳು ಅದನ್ನು ಮೂರು ಸಲ ಓದಿ, ಮಡಿಸಿ, ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಮನೆ ಮಾಲೀಕರ ಫೋನು ಬಂತು.

“ನೋಡಮ್ಮಾ, ಮನೆ ಮಾರ್ಬಿಟ್ಟೆ. ನಿಮ್ಮ ಆಫೀಸಿನವ್ರೇ ವಿಳಾಸ ಹಿಡ್ಕೊಂಡು ಮಧ್ಯಾಹ್ನ ಬಂದಿದ್ರು. ಯಾರೋ ದೊಡ್ಡ ಮನೆಯಮ್ಮಂಗಂತೆ. ತಿಂಗಳೊಳಗೆ ಖಾಲಿ ಮಾಡಿ. ಹಾಂ, ಆ ಮುಕ್ಕು ಲೋಟ, ಒರೆಸೋ ಬಟ್ಟೆ ಅಲ್ಲೇ ಇರ್ಲಿ. ಅವೂ ವ್ಯಾಪಾರದಲ್ಲಿ ಸೇರಿವೆ.”

ಬಸ್ಸು ಬಂತು. ಸೀಟು ಸಿಕ್ಕಿತು. ಅಭ್ಯಾಸಬಲದಿಂದ ತಾನೇ ರೂಪಿಸಿದ ಸೈಟು ತೆರೆದು, ತನ್ನ ಕೈಗೆಟುಕುವ ಬೆಲೆ ತುಂಬಿ, ‘ಹುಡುಕು’ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವುದರೊಳಗೆ ಉತ್ತರ: ‘ಕ್ಷಮಿಸಿ, ನಿಮಗೆ ಹೊಂದುವ ಮನೆ ನಮ್ಮಲ್ಲಿಲ್ಲ.’

ಹಳೆಯ ಸೈಟಾಗಿದ್ದರೆ ಅಷ್ಟು ಹೇಳಲು ಇಳಿಯುವ ನಿಲ್ದಾಣದವರೆಗಾದರೂ ತಡಕಾಡುತ್ತಿತ್ತು.